ಪಾಪ ಅಂದರೆ ಸಾಕು

ನಿನ್ನೆ ಒಲೆಯ ಬೂದಿ ತೆಗೆದೆ. ನೀರು ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮಾಸ್ತರರ ಕರೀ ಕೋಟಿಗೆ ಗುಂಡಿ ಹಚ್ಚಿದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ತಗಣಿ ನೋಡಿ, ಝಾಡಿಸಿ ಒಳಗೆ ತಂದೆ. ಇವುಗಳ ನಡುವೆ ಒಂದು ಮದುವೆ ಮುರಿಯಿತು. ಅದಕ್ಕೆ ಚಹಾ ಕಾಸಿಕೊಟ್ಟವಳು ನಾನು.

ಮಾಸ್ತರರು ಅಂದರೆ ನನ್ನ ಯಜಮಾನರು. ಧಾರವಾಡದ ನಮ್ಮ ಮಿಷನ್ ಕಂಪೌಂಡಿನಲ್ಲಿ ಬುಧವಾರದ ಪ್ರಾರ್ಥನೆಗೆ ಅವರದೇ ಬೋಧನೆ. ಈ ತಿಂಗಳು ಅವರು ಹಿಡಿದ ವಿಷಯ ನಾಲಿಗೆ. ಸತ್ಯವೇದದ ಜ್ಞಾನಿಗಳು ಕಪಟದ ಮಾತಿನ ಬಗ್ಗೆ ಎಷ್ಟೊಂದು ಹೇಳಿದ್ದಾರೆಂದರೆ, ಆ ಕಾಲದಲ್ಲೂ ಸಾಲುಮನೆಗಳಿದ್ದವೇನೋ ಎಂದು ನನಗೆ ಅನುಮಾನ. ಅವರ ಪ್ರಕಾರ ಕಪಟ ಹುಟ್ಟುವುದು ಬಾಯಲ್ಲಲ್ಲ, ಎದೆಯಲ್ಲಿ. ಬಾಯಿ ಬರೀ ಬಾಗಿಲು. ಒಳಗೆ ಹಗೆ ಇಟ್ಟುಕೊಂಡವನು ಹೊರಗೆ ಸವಿಯಾಗಿ ಮಾತಾಡುತ್ತಾನೆ, ಆ ಸವಿಯಲ್ಲೇ ಅವನು ಎಂಥವನೆಂಬುದು ಗೊತ್ತಾಗುತ್ತದೆ. ಅಂಥವನನ್ನು ಬೆಳ್ಳಿಯ ಮೆರುಗು ಬಳಿದ ಮಣ್ಣಿನ ಪಾತ್ರೆಗೆ ಹೋಲಿಸಿದ್ದಾರೆ. “ಮಣ್ಣಿನ ಗಡಿಗಿಗೆ ಯಾರರೆ ಕಲಾಯಿ ಮಾಡಸ್ತಾರೇನ್ರಿ?” ಎಂದು ನಾನು ಮನೆಯಲ್ಲಿ ಕೇಳಿದೆ. “ನಿನಗ ಬರೇ ಗಡಿಗಿ ಕಾಣಸ್ತದ. ಅರ್ಥಾ ತಿಳಕೋ,” ಎಂದರು ಮಾಸ್ತರರು. ಅರ್ಥ ನನಗೆ ಪ್ರಾರ್ಥನೆಯ ಕೂಟದಲ್ಲೇ ತಿಳಿದಿತ್ತು. ಬೋಧನೆ ಕೇಳುವಾಗ ಇದು ಯಾರಿಗೆ ಒಪ್ಪುತ್ತದೆ ಎಂದು ಸುತ್ತ ನೋಡುವುದು ನನಗೆ ಸಣ್ಣಂದಿನಿಂದ ರೂಢಿ. ಆ ಪಾತ್ರೆಯನ್ನು ನಾನು ಕೂತಲ್ಲಿಂದಲೇ ರಾಹೇಲಬಾಯಿಗೆ ಕೊಟ್ಟುಬಿಟ್ಟಿದ್ದೆ.

ರಾಹೇಲಬಾಯಿ ನಮ್ಮ ಸಾಲಿನ ಕಡೆಯ ಮನೆಯವಳು. ಆಕೆ ಸುಳ್ಳು ಹೇಳುವುದಿಲ್ಲ. ಆಕೆಯ ಯಾವ ಮಾತನ್ನಾದರೂ ಕೋರ್ಟಿಗೆ ಒಯ್ಯಿರಿ, ಖರೇ ಎಂದೇ ತೀರ್ಪಾದೀತು. ಆಕೆಗೆ ಬೇಕಾಗುವುದು ಒಂದೇ ಶಬ್ದ: ಪಾಪ. ನಮ್ಮ ಮಂದಿಗೆ ಭಾನುವಾರದ ಪಾಪ ಒಂದು, ಅದನ್ನು ಒಪ್ಪಿಕೊಂಡು ಅಳುತ್ತೇವೆ. ವಾರದ ಉಳಿದ ದಿನಗಳ ಪಾಪ ಬೇರೆ, ಅದನ್ನು ಇನ್ನೊಬ್ಬರ ಹೆಸರಿನ ಪಕ್ಕದಲ್ಲಿ ಮೆಲ್ಲಗೆ ಇಡುತ್ತೇವೆ. “ಆತ ಛಲೋ ಮನಶ್ಯಾ, ಪಾಪ” ಅಂದರೆ ಆತನ ನೌಕರಿ ಹೋಗಿರಬೇಕು, ಇಲ್ಲವೇ ಹೆಂಡತಿ.

ನಮ್ಮ ಗೋಡೆಗೆ ಹತ್ತಿದ ಮನೆ ಶಾಂತವ್ವನದು. ಗಂಡ ತೀರಿಕೊಂಡ ಮೇಲೆ ಆಕೆ, ಮಗಳು ಎಸ್ತರ, ಇಬ್ಬರೇ. ಎಸ್ತರ ನಮ್ಮ ಸಾಲೆಯ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ. ಆಕೆಗೆ ಗದುಗಿನ ಕಡೆಯ ದವಾಖಾನೆಯ ಒಬ್ಬ ಕಂಪೌಂಡರ್ ಹುಡುಗನ ಮಾತು ಬಂದಿತ್ತು. ಹುಡುಗ ಕ್ರಿಸ್‌ಮಸ್ ಹಬ್ಬದ ಹಾಡಿಗೆ ನಮ್ಮ ಚರ್ಚಿಗೆ ಬಂದಾಗ ಎಸ್ತರ ನೋಡಿದ್ದಳು, ಮನಸ್ಸಿಗೆ ಬಂದಿದ್ದ. ಯಾರಿಗೂ ಹೂಂ ಅನ್ನದಿದ್ದ ಹುಡುಗಿ ಈ ಸಲ ತಾಯಿಗೆ ತಾನೇ ಹೂಂ ಅಂದಿದ್ದಳು. ನಿನ್ನೆ ಹುಡುಗನ ತಾಯಿ ಮತ್ತು ಕಾಕಾ ಟಾಂಗಾದಲ್ಲಿ ಬಂದರು. ರೂಢಿಯ ಪ್ರಕಾರ ಮೊದಲು ಪಕ್ಕದ ಮನೆ, ಅಂದರೆ ನಾವು. ಎಲ್ಲ ವಿಚಾರಿಸಿಕೊಂಡ ಮೇಲೆ ಹುಡುಗಿಯ ಮನೆ. ಚಹಾದ ವಾಸನೆಗೆ ರಾಹೇಲಬಾಯಿಯೂ ಬಂದು ಚಾಪೆಯ ಮೇಲೆ ಕೂತಳು.

“ನೀವು ಬಾಜೂ ಮನಿಯವರು. ಖರೇ ಹೇಳ್ರಿ, ಹುಡುಗಿ ಹೆಂಗದಾಳ?” ಎಂದರು ಹುಡುಗನ ತಾಯಿ.

“ಭಾಳ ಛಲೋ ಹುಡುಗಿ ನೋಡ್ರಿ. ಸಾಲಿ, ಮನಿ, ಚರ್ಚು, ಇಷ್ಟ ಗೊತ್ತು ಆಕಿಗೆ,” ಎಂದೆ.

ರಾಹೇಲಬಾಯಿ ಬಸಿಯಲ್ಲಿ ಸುರಿದ ಚಹಾಕ್ಕೆ ಊದಿ ಒಂದು ಗುಟುಕು ಕುಡಿದಳು. “ಹೌದ್ರಿ. ಛಲೋ ಹುಡುಗಿ, ಪಾಪ.”

“ಪಾಪ ಯಾಕ್ರಿ?”

“ಏನಿಲ್ಲ ಬಿಡ್ರಿ, ಹಂಗ ಅಂದೆ. ನಾ ಯಾರ ಮನಿ ಸುದ್ದೀನೂ ಬಾಯಾಗ ಹಾಕ್ಕೊಳ್ಳಾಕಿ ಅಲ್ಲ. ಅಕ್ಕಾರ, ಚಹಾ ಭಾಳ ಛಲೋ ಆಗೇದ.”

ಕಾಕಾ ಬಸಿಯನ್ನು ಕೆಳಗಿಟ್ಟರು. “ಮೈಯಾಗ ಆರಾಮ ಅದಾಳಲ್ಲರಿ ಹುಡುಗಿ?”

“ಈಗ ಆರಾಮ ಅದಾಳ್ರಿ,” ಎಂದಳು ರಾಹೇಲಬಾಯಿ.

ಹೋದ ವಾರ ಎಸ್ತರಳಿಗೆ ನೆಗಡಿ ಆಗಿತ್ತು. ಈಗ ಆರಾಮ. ಎಲ್ಲಿದೆ ಸುಳ್ಳು? ಆದರೆ ಆ ‘ಈಗ’ ಕೇಳಿದ ತಾಯಿಯ ಮುಖದಲ್ಲಿ ಕ್ಷಯದಿಂದ ಹಿಡಿದು ಬಾಯಿಬಿಟ್ಟು ಹೇಳಬಾರದ ಕಾಯಿಲೆಗಳವರೆಗೆ ಎಲ್ಲವೂ ಸಾಲಾಗಿ ಹಾದುಹೋದವು. ನನಗೆ ಮೈಯೆಲ್ಲ ಉರಿಯಿತು. ಗೋಡೆಯ ಆಚೆ ಆ ತಾಯಿ ಮಗಳು ಉಸಿರು ಹಿಡಿದು ಕೂತಿದ್ದಾರೆಂದು ನನಗೆ ಗೊತ್ತು. ಆ ಗೋಡೆ ಕೆಮ್ಮನ್ನೂ ತಡೆಯದ ಗೋಡೆ. ಒಂದು ನೆಗಡಿಯ ಸುದ್ದಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಎದೆ ತಟ್ಟಿಕೊಂಡು ಹೇಳಿದ್ದು ಹೀಗೆ:

“ಮಂದಿ ಏನಾರ ಅನ್ಲಿ ಬಿಡ್ರಿ, ಹುಡುಗಿ ಮಾತ್ರ ಬಂಗಾರ!”

ಹುಡುಗನ ತಾಯಿ ನನ್ನ ಕಡೆ ತಿರುಗಿ ಕೂತರು.

“ಯಾವ ಮಂದಿರಿ?” ಎಂದರು ತಾಯಿ. “ಏನಂತಾರ?”

“ಏನೂ ಅನ್ನೂದಿಲ್ರಿ... ಹಂಗ ಅಂದೆ,” ಎಂದೆ. ನನ್ನ ಬಾಯಿಂದ ಬಂದದ್ದು ರಾಹೇಲಬಾಯಿಯದೇ ಮಾತು.

ಕಾಕಾ ಟೊಪ್ಪಿಗೆ ತಲೆಗಿಟ್ಟುಕೊಂಡರು. ಗಾಡಿಗೆ ಹೊತ್ತಾಯಿತು, ಇನ್ನೊಮ್ಮೆ ಬಂದಾಗ ಹುಡುಗಿಯ ಮನೆಗೆ ಹೋದರಾಯಿತು ಎಂದರು. ಪಕ್ಕದ ಬಾಗಿಲು ಆಗಲೇ ತೆರೆದಿತ್ತು. ಅದರ ಮುಂದೆಯೇ ಟಾಂಗಾ ತಿರುಗಿಕೊಂಡು ಸ್ಟೇಶನ್ ಹಾದಿ ಹಿಡಿಯಿತು.

“ಏನಂದೆ ನೀನು?” ಎಂದು ನಾನು ರಾಹೇಲಬಾಯಿಯ ಮೇಲೆ ಹರಿಹಾಯ್ದೆ.

“ನಾ ಏನಂದೆ? ಛಲೋ ಅಂದೆ, ಆರಾಮ ಅಂದೆ. ಮಂದೀನ ನಡುವ ಕರಕೊಂಡ ಬಂದಾಕಿ ನೀ ನೋಡವಾ.” ಬಸಿ ಬೋರಲು ಹಾಕಿ, ಸೆರಗು ಹೊದ್ದು ಹೋದಳು. ಅದೂ ಖರೇ ಮಾತೇ.

ಹೊತ್ತು ಮುಳುಗುವ ಮುಂದೆ ಶಾಂತವ್ವ ಒಂದು ಬೋಗುಣಿ ತಂದಳು. ಒಳಗೆ ಶಿರಾ. ಯುದ್ಧದ ಕಾಲ, ಸಕ್ಕರೆ ಕಂಟ್ರೋಲಿನದು, ತಲೆಗಿಷ್ಟೇ ಎಂದು ಅಳೆದು ಕೊಡುವುದು. ಎಷ್ಟು ದಿನ ಬೆಲ್ಲದ ಚಹಾ ಕುಡಿದು ಇಷ್ಟನ್ನು ಉಳಿಸಿದ್ದಳೋ.

“ಇದನ್ನ ಇಟಗೊಂಡು ಏನ ಮಾಡ್ಲಿ ಅಕ್ಕಾರ? ನೀವರೆ ತಿನ್ರಿ. ಗ್ವಾಡಿ ಆಚಿಂದ ಎಲ್ಲಾ ಕೇಳಿದೆ. ನನ್ನ ಮಗಳನ್ನ ಬಂಗಾರ ಅಂದಾಕಿ ನೀವೊಬ್ರ.”

“ಎಸ್ತರ ಏನ ಮಾಡಾಕತ್ತಾಳ?” ಎಂದೆ.

“ಮಕ್ಕಳ ಪಾಟಿ ಒರಸಾಕತ್ತಾಳ. ಒರಸಿದ್ದನ್ನ ಮತ್ತ ಒರಸಾಕತ್ತಾಳ.”

ಊಟಕ್ಕೆ ಕೂತಾಗ ಮಾಸ್ತರರಿಗೆ ಎಲ್ಲ ಹೇಳಿದೆ. ರಾಹೇಲಬಾಯಿಯ ಭಾಗವನ್ನು ಸಾವಕಾಶವಾಗಿ, ನನ್ನ ಭಾಗವನ್ನು ಲಗೂ. ಅವರು ರೊಟ್ಟಿ ಮುರಿದರು. “ಅಲ್ಲ, ನಿನ್ನ ತಮ್ಮನ ಮಗಳು ಸುಗುಣಾಗ ಒಬ್ಬ ಕಂಪೌಂಡರ್ ಹುಡುಗ ಆಗಬಹುದು ಅಂತ ನೀ ಹೋದ ವರ್ಷ ಅಂತಿದ್ಯಲ್ಲ, ಅಂವನ ಏನು ಇಂವ?”

ಅವನೇ. ಆಣೆ ಮಾಡುವುದು ನಮ್ಮಲ್ಲಿ ಕೂಡದು, ಇಲ್ಲದಿದ್ದರೆ ಮಾಡುತ್ತಿದ್ದೆ: ಆ ಮಾತು ಆಡುವಾಗ ನನಗೆ ಸುಗುಣಳ ನೆನಪು ಇರಲಿಲ್ಲ. ನಾಲಿಗೆಗೆ ಇತ್ತೋ ಏನೋ. ಬುಧವಾರದ ಜ್ಞಾನಿಗಳನ್ನು ಕೇಳಿದರೆ ಏನನ್ನುತ್ತಾರೆಂದು ಗೊತ್ತಿದ್ದುದರಿಂದ ಕೇಳುವ ಗೋಜಿಗೆ ಹೋಗಲಿಲ್ಲ.

“ಹಂಗಾರ ಈಗ ಅವರ ಕಡೆ ಮಾತು ತಗದು ನೋಡೂಣೇನು?” ಎಂದರು ಮಾಸ್ತರರು. ಅವರ ಎದೆಯಲ್ಲಿ ಏನೂ ಇಲ್ಲ, ಮುಗ್ಧ ಮನುಷ್ಯರು.

“ಸುಮ್ನ ಉಣ್ರಿ,” ಎಂದೆ. ಬೇಡ ಎಂದು ಮಾತ್ರ ಅನ್ನಲಿಲ್ಲ.

ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಶಿರಾ. ಮಾಸ್ತರರು ಶಿರಾವನ್ನು ಒಂದು ಚಮಚ ತಿಂದು ಬೋಗುಣಿ ಸರಿಸಿದರು. ಸಕ್ಕರೆ ಹದವಾಗಿತ್ತು, ಉಳಿದದ್ದನ್ನು ನಾನು ತಿಂದೆ. ರಾತ್ರಿ ಅವರು ಹಾಸಿಗೆಯಲ್ಲಿ ಎಷ್ಟೋ ಹೊತ್ತು ಹೊರಳಾಡುತ್ತಿದ್ದರಂತೆ. ಮೊದಲು ನಿದ್ದೆ ಹತ್ತಿದ್ದು ನನಗೆ.