ಟಗರಿನ ಕೊರಳಲ್ಲಿ ತೋಪಿನ ಟೊಪ್ಪಿಗೆ

೧೯೬೮, ಮಾರ್ಚ್ ೧೦. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ವಳಸಂಗದ ನಮ್ಮ ಮಾಮ ಯಾರ ಮನೆಗೆ ಹೋದರೂ ಮೊದಲು ಮನುಷ್ಯರನ್ನು ನೋಡುವುದಿಲ್ಲ, ಹಿತ್ತಾಳೆಯನ್ನು ನೋಡುತ್ತಾನೆ! ಬ್ರಿಟಿಷರ ತೋಪಿನ ದಳದಲ್ಲಿ ಇದ್ದವನು. ತೋಪಿನ ಗುಂಡಿನ ಮೂತಿಗೆ ಫ್ಯೂಜ್ ಕೂಡಿಸುತ್ತಾರಲ್ಲ, ಅದರಲ್ಲಿ ಅಂಕಿ ಕೊರೆದ ಬಳೆಯೊಂದು ಇರುತ್ತದೆ. ಬಳೆಯನ್ನು ಯಾವ ಅಂಕಿಗೆ ತಿರುಗಿಸಿಟ್ಟರೆ, ತೋಪಿನಿಂದ ಹಾರಿದ ಮೇಲೆ ಅಷ್ಟು ಹೊತ್ತಿಗೆ ಗುಂಡು ಸಿಡಿಯಬೇಕು. ಯುದ್ಧ ಮುಗಿದ ಮೇಲೆ ಯಾರೋ ಮೋಡಕಾ ವ್ಯಾಪಾರಿ, ಅಂದರೆ ಗುಜರಿಯವನು, ಮದ್ದು ತೆಗೆದ ಫ್ಯೂಜುಗಳ ಬಿಡಿ ಭಾಗಗಳನ್ನು ಮೂಟೆಗಟ್ಟಲೆ ತಂದು ಜತ್ತಿನ ಸಂತೆಯಲ್ಲಿ ಸುರಿದನಂತೆ. ಹಿತ್ತಾಳೆ ಎಂದರೆ ನಮ್ಮ ಜನ ಬಿಟ್ಟಾರೆಯೇ? ಒಬ್ಬರ ಮನೆಯಲ್ಲಿ ಅದು ವಿಭೂತಿ ಬಟ್ಟಲಾಯಿತು, ಇನ್ನೊಬ್ಬರಲ್ಲಿ ದೀಪದ ಅಡಿ!

"ನಾ ಎದುರಿಗೆ ನಿಂತ್ರ ನಿಮ್ಮ ಮಾಮಗ ಕಾಣಂಗಿಲ್ಲ. ಹಿತ್ತಾಳಿ ಸೀರಿ ಉಟ್ರ ಕಂಡೇನೇನೋ!" ಎಂದು ಅತ್ತೆ ಹಂಗಿಸುತ್ತಾಳೆ.

ನನಗೆ ಹೆಣ್ಣು ನೋಡಲು ಸೊರಡಿಗೆ ಹೋದೆವು. ಹುಡುಗಿ ಚಹಾ ತಂದಳು. ಮಾಮ ದೇವರ ಜಗುಲಿಯ ದೀಪವನ್ನು ಎತ್ತಿ, ಅದರ ಅಡಿಯ ಬಳೆಗೆ ಕಣ್ಣು ಹಚ್ಚಿ ಕುಳಿತಿದ್ದ.

"ಹುಡುಗಿ ಹ್ಯಾಂಗ ಅನಸ್ತಾಳ್ರಿ?" ಎಂದರು ಅವಳ ಅಪ್ಪ.

"ನಂಬರ್ ಎಂಬತ್ತ ಐತ್ರಿ!"

ಅವರು ಎದ್ದು ನಿಂತರು. "ಬಳಿ ಬೇಕಾದ್ರ ಒಯ್ರಿ. ಹುಡುಗೀನ್ನ ಕೊಡಂಗಿಲ್ಲ!"

ಮಾಮ ಸಂತೋಷದಿಂದ ಒಯ್ದ! ತಾನು ದಳದಲ್ಲಿ ಬಳಸಿದ ಎಂಬತ್ತನೆಯ ನಂಬರಿನ ಜಾತಿಯ ಫ್ಯೂಜೊಂದನ್ನು ಪೂರ್ತಿ ಕೂಡಿಸುವುದು ಅವನ ಹಟ; ಬುಡದ ಭಾಗ ಮೊದಲೇ ಸಿಕ್ಕಿತ್ತು. ಬಳೆಯನ್ನು ಬಿಗಿಯುವ ಮೇಲಿನ ಟೊಪ್ಪಿಗೆ ಮಾತ್ರ ಬಾಕಿ. ಅದು ಸಿಕ್ಕಿದ್ದು ಅಸಂಗಿಯಲ್ಲಿ, ಒಂದು ಟಗರಿನ ಕೊರಳಲ್ಲಿ, ಒಳಗೊಂದು ಮೊಳೆ ತೂಗುಹಾಕಿಸಿಕೊಂಡು ಗಂಟೆಯಾಗಿ! ಮಾಮ ನೆಲದ ಮೇಲೆ ಅಂಗಾತ ಮಲಗಿ ನಂಬರು ಓದತೊಡಗಿದ.

"ಏನ್ರಿ ಯಜಮಾನ್ರ, ಟಗರ ಕೊಳ್ಳಾವ್ರು ಹಲ್ಲ ನೋಡ್ತಾರ. ನೀವು ಗಂಟಿ ಯಾಕ ನೋಡಾಕತ್ತೀರಿ?" ಎಂದ ಕುರಿಗಾರ. ಉತ್ತರ ಬರುವ ಮೊದಲೇ ಟಗರು ಎರಡು ಸಲ ಹಾಯಿತು. ಆ ಟೊಪ್ಪಿಗೆಗೆ ಬದಲಾಗಿ ಮಾಮ ತನ್ನ ಎತ್ತಿನ ಒಳ್ಳೆಯ ಗಂಟೆಯನ್ನೇ ಕೊಟ್ಟ. ಅಂದಿನವರೆಗಿನ ನನ್ನ ಲೆಕ್ಕ: ಸುತ್ತಿದ ಊರು ಹನ್ನೊಂದು, ಸಿಕ್ಕ ಭಾಗ ನಲವತ್ತೊಂದು, ಅದರಲ್ಲಿ ಎಂಬತ್ತನೆಯ ನಂಬರಿನವು ಮೂರು, ಟಗರಿನ ಗುದ್ದು ಎರಡು, ಮುರಿದ ಸಂಬಂಧ ಒಂದು.

ನಿನ್ನೆ ಸಂಜೆ ಫ್ಯೂಜ್ ಪೂರ್ತಿಯಾಯಿತು. ಮಾಮ ಬಳೆಯನ್ನು ಹನ್ನೆರಡಕ್ಕೆ ಇಟ್ಟು, ಟೊಪ್ಪಿಗೆ ಬಿಗಿದು, ನನ್ನ ಕೈಗೆ ಕೊಟ್ಟ.

"ನಾ ಅವತ್ತ ಯುದ್ಧದಾಗೂ ಹನ್ನೆರಡಕ್ಕ ಇಟ್ಟಿದ್ನೋ, ಅಳ್ಯಾ. ಗುಂಡ ತೋಪಿನ ಬಾಯಾಗ ಸಿಡೀತು. ನನ್ನ ಜೋಡಿ ಇದ್ದಾಂವ ಅಲ್ಲೇ ಹೋದ. ನೀನ ತಪ್ಪ ಅಂಕಿಗೆ ಇಟ್ಟಿ ಅಂತ ಕಾಗದದಾಗ ಬರದು, ನನ್ನನ್ನ ದಳದಿಂದ ತಗದು ಮನಿಗೆ ಕಳಸಿದ್ರು. ಬಿಗಿದ ಮ್ಯಾಲೂ ಬಳಿ ಜಾರತೈತೇನು, ತಿರುವಿ ನೋಡು. ನನಗ ನೋಡಾಕ ಆಗಂಗಿಲ್ಲ."

ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತ. ನಾನು ಹಲ್ಲು ಕಚ್ಚಿ ತಿರುವಿದೆ. ಬಳೆ ಕೂದಲೆಳೆಯಷ್ಟೂ ಕದಲಲಿಲ್ಲ.

"ಜಾರ್ತು, ಮಾಮಾ. ಎರಡ ಗೀಟ ಜಾರ್ತು."

ಅವನು ಗೋಡೆಗೆ ಹಣೆ ಹಚ್ಚಿದ. ಹೆಗಲು ಮಾತ್ರ ಅಲುಗುತ್ತಿತ್ತು.

ಮಾಮ ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಓದಲು ಬಾರದು. ಆ ಧೈರ್ಯದಿಂದ ಇದನ್ನು ಬರೆದಿದ್ದೇನೆ. ಓದುಗರಲ್ಲಿ ತೋಪಿನ ದಳದಲ್ಲಿದ್ದವರು ಯಾರಾದರೂ ಇದ್ದರೆ, ಎಂಬತ್ತನೆಯ ನಂಬರಿನ ಬಳೆ ಬಿಗಿದ ಮೇಲೂ ಜಾರಿದ್ದನ್ನು ಕಣ್ಣಾರೆ ಕಂಡಿದ್ದರೆ, ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಸಾಧ್ಯವಾದರೆ ಮರಾಠಿಯಲ್ಲಿ.