ಹ್ವಾಯ್, ತಲೆ ಕಾಣಿ

ಮನುಷ್ಯನ ತಲೆ ಹೆಚ್ಚುಕಡಿಮೆ ಐದು ಕಿಲೋ ತೂಗುತ್ತದೆ. ಒಳಗೆ ಏನಿದ್ದರೂ, ಏನಿಲ್ಲದಿದ್ದರೂ ತೂಕ ಅಷ್ಟೇ. ಇದು ನಿಮಗೆ ಮೊದಲೇ ಗೊತ್ತಿರಬೇಕಿತ್ತು. ಐದು ಕಿಲೋ ಅಕ್ಕಿಯ ಚೀಲವನ್ನು ಒಂದು ಕೋಲಿನ ತುದಿಗೆ ಸಿಕ್ಕಿಸಿ, ಆ ಕೋಲನ್ನು ದಿನಕ್ಕೆ ಹತ್ತು ಗಂಟೆ ಮುಂದಕ್ಕೆ ಬಗ್ಗಿಸಿ ಹಿಡಿದರೆ ನೋಯುತ್ತದೋ ಇಲ್ಲವೋ, ಕೋಲನ್ನೇ ಕೇಳಿ. ಇಷ್ಟು ಸರಳ ಸಂಗತಿಯನ್ನು ಒಪ್ಪಿಕೊಳ್ಳುವ ಬದಲು ನಮ್ಮ ಜನ ಫೋನು ತೆಗೆದು ‘ಕುತ್ತಿಗೆ ನೋವಿಗೆ ಕಾರಣ’ ಎಂದು ಬರೆದು ಹುಡುಕುತ್ತಾರೆ. ಹಾಗೆ ಬರೆಯುವಾಗಲೂ ಕುತ್ತಿಗೆ ಬಗ್ಗಿಸಿಯೇ ಇರುತ್ತಾರೆ.

ಚಂದುವೂ ಬರೆದ.

ಚಂದು ಕುಂದಾಪುರದ ಕಡೆಯವನು. ಇಪ್ಪತ್ತು ವರ್ಷದಿಂದ ಮದ್ರಾಸಿನ ಎಗ್ಮೋರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಷಿಯರ್. ಮನೆ ವೆಸ್ಟ್ ಮಾಂಬಲಂನ ಸಂದಿಯೊಂದರಲ್ಲಿ, ಎರಡನೇ ಮಹಡಿ. ಹೆಂಡತಿ ಬೇಬಿ, ಕಾಲೇಜಿಗೆ ಹೋಗುವ ಮಗಳು ನಿಶ್ಮಿತಾ. ಒಂದು ಸೋಮವಾರ ಅವನ ಕುತ್ತಿಗೆಯ ಹಿಂದೆ ನೋವು ಹುಟ್ಟಿ, ಮಂಗಳವಾರದ ಹೊತ್ತಿಗೆ ತಲೆಗೆ ಹತ್ತಿತು. ಫೋನು ಕೊಟ್ಟ ಮೊದಲ ಉತ್ತರ ‘ಸ್ನಾಯು ಸೆಳೆತ’. ಇದು ಸರಿಯಾದ ಉತ್ತರ. ಆದರೆ ಸರಿಯಾದ ಉತ್ತರಕ್ಕೆ ಯಾರು ತೃಪ್ತರಾಗುತ್ತಾರೆ? ಚಂದು ಬೆರಳಿನಿಂದ ಕೆಳಕ್ಕೆ ಕೆಳಕ್ಕೆ ಇಳಿದ. ನಾಲ್ಕನೇ ಪುಟದಲ್ಲಿ ನರ, ಏಳನೆಯದರಲ್ಲಿ ಮಿದುಳು, ಹನ್ನೊಂದನೆಯದರಲ್ಲಿ ಗೆಡ್ಡೆ. ಅಲ್ಲಿಗೆ ನಿಂತ. ತನ್ನ ಕಾಯಿಲೆ ಸಿಕ್ಕಿತು ಎಂಬ ಒಂದು ಬಗೆಯ ಸಮಾಧಾನವೂ ಆಯಿತು.

ಅದೇ ಪುಟದಲ್ಲಿ ‘ತಲೆಯನ್ನು ಎತ್ತರದಲ್ಲಿಟ್ಟು ಮಲಗಿ’ ಎಂದಿತ್ತು. ಅಂದಿನಿಂದ ಚಂದು ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಶಿರವನ್ನು ಪ್ರತಿಷ್ಠಾಪಿಸಿ ಮಲಗತೊಡಗಿದ. ಗದ್ದ ಎದೆಗೆ ತಾಗುತ್ತಿತ್ತು. ನೋವು ಎರಡು ಪಟ್ಟಾಯಿತು. ನೋವು ಎರಡು ಪಟ್ಟಾದ್ದರಿಂದ ಹುಡುಕಾಟವೂ ಎರಡು ಪಟ್ಟಾಯಿತು. (ಇದನ್ನು ಈಗಿನವರು ‘ಆರೋಗ್ಯದ ಅರಿವು’ ಎನ್ನುತ್ತಾರೆ.)

“ಎಂತ ಮರ್ರೆ, ಬೆಳಿಗ್ಗೆಯಿಂದ ಕುತ್ಗಿ ಹಿಡ್ಕಂಡ್ ಕೂಕಂಡಿದ್ರಿ,” ಎಂದಳು ಬೇಬಿ. “ಫೋನ್ ಬದಿಗಿಡಿ. ಬಿಸಿನೀರ್ ಬಾಟ್ಲಿ ಇಡ್ತೆ.”

“ಇದ್ ಬಿಸಿನೀರಿಗೆ ಹೋಪುದಲ್ಲ ಬೇಬಿ. ಇದ್ ಒಳಗಿಂದ ಬಪ್ಪುದ್.”

“ಒಳಗಿಂದ ಎಂತ ಬಪ್ಪುದ್? ಒಳಗೆ ಎಂತ ಇತ್ತ್?”

“ನಿಂಗ್ ತಮಾಷೆ.”

“ಅಪ್ಪಾ, ಫೋನ್ ಪಾಕ್ಕಾದೀಂಗ,” ಎಂದಳು ನಿಶ್ಮಿತಾ. ಫೋನ್ ನೋಡಬೇಡಿ ಎಂದು ಹೇಳಿದ್ದು, ತನ್ನ ಫೋನಿನಿಂದ ತಲೆ ಎತ್ತದೆ. ಅಪ್ಪ ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಬುದ್ಧಿ ಹೇಳುವುದು ಆ ಮನೆಯ ಪದ್ಧತಿ.

ಮೂರು ವಾರ ಕಳೆದ ಮೇಲೆ ಚಂದು ಮೂಳೆ ಡಾಕ್ಟರ ಹತ್ತಿರ ಹೋದ. ಒಬ್ಬನೇ ಹೋದ. ಬೇಬಿ “ನಾನೂ ಬತ್ತೆ” ಎಂದಳು. “ನಂಗ್ ತಮಿಳ್ ಬತ್ತಿಲ್ಯಾ? ಇಪ್ಪತ್ ವರ್ಷ ಗಲ್ಲಾದಂಗೆ ಕೂತದ್ ಎಂತಕ್ಕೆ?” ಎಂದು ಅವಳನ್ನು ಕೂರಿಸಿ ಹೋದ.

ಅವನ ತಮಿಳಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಗಲ್ಲಾಪೆಟ್ಟಿಗೆಯ ತಮಿಳು. ಎತ್ತನೆ ಅಂದರೆ ಎಷ್ಟು, ಎಡುತ್ತುಡುಂಗ ಅಂದರೆ ತೆಗೆದುಬಿಡಿ, ಅಪ್ಪರಂ ಅಂದರೆ ಆಮೇಲೆ. ಇಡ್ಲಿ, ಪಾರ್ಸೆಲ್, ಚಿಲ್ಲರೆ, ಕೈ ತೊಳೆಯುವ ಜಾಗ, ಇಷ್ಟರ ಮಟ್ಟಿಗೆ ಅವನು ಪಂಡಿತ. ಹೋಟೆಲಿಗೆ ಬಂದವರು ಕೇಳದ ವಸ್ತುಗಳ ಹೆಸರು ಅವನಿಗೆ ಬಾರದು, ಬಾರದು ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರು ಅವನ ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. ನಲ್ಲಿಯ ತಿರುಪು ಸಡಿಲವಾಗಿದೆಯೇ ಎಂದು ನೋಡುವಂತೆ ನೋಡಿದರು. ಆಮೇಲೆ ಕಂಪ್ಯೂಟರಿನತ್ತ ಮುಖ ಮಾಡಿ ಕೇಳಿದರು:

“ಎತ್ತನೆ ತಲೆ, ಕಾಣಿ?”

ಚಂದು ಬೆಚ್ಚಿ ನೆಟ್ಟಗೆ ಕೂತ. ಕುಂದಾಪುರದ ಕಡೆಯವರು ‘ನೋಡಿ’ ಎನ್ನುವುದಿಲ್ಲ, ‘ಕಾಣಿ’ ಎನ್ನುತ್ತಾರೆ. ಮದ್ರಾಸಿನ ಡಾಕ್ಟರೊಬ್ಬರು ಇದ್ದಕ್ಕಿದ್ದಂತೆ ರೋಗಿಯ ಊರಿನ ಮಾತಿಗಿಳಿಯುವುದು ಯಾವಾಗ? ಆಸೆ ಬಿಟ್ಟಾಗ ಮಾತ್ರ. ಕೊನೆಗಾಲದಲ್ಲಾದರೂ ಮನುಷ್ಯ ತಾಯಿನುಡಿ ಕೇಳಲಿ ಎಂಬ ಕರುಣೆ. ಅದು ಸರಿ, ಎಷ್ಟು ತಲೆ ಅಂದರೇನು? ಒಂದೇ ಅಲ್ಲವೇ ಕಾಣುತ್ತಿರುವುದು? ಗಾಬರಿಯಲ್ಲಿ ಯೋಚಿಸಿದಾಗ ಹೊಳೆಯಿತು. ಮನೆಯಲ್ಲಿ ಎಷ್ಟು ತಲೆ ಎಂದು ಕೇಳುತ್ತಿದ್ದಾರೆ, ಹಿಂದೆ ಉಳಿಯುವವರು ಎಷ್ಟು ಮಂದಿ ಎಂದು.

“ಮೂಣು ಸಾರ್,” ಎಂದ, ತನ್ನನ್ನೂ ಸೇರಿಸಿ ಮೂರು ಎಂದು.

“ಮೂಣಾ?” ಡಾಕ್ಟರು ಮೊದಲ ಬಾರಿಗೆ ಅವನ ಮುಖ ನೋಡಿದರು. “ಅದಾನ್ ವಿಷಯಂ. ತಲೆ ಕಾಣಿ ದಾನ್ ಪ್ರಾಬ್ಲಂ. ಮೊದಲ್ಲ ಅದೆ ಎಡುತ್ತುಡುಂಗ. ಅಪ್ಪರಂ ಎಲ್ಲಾಂ ಸರಿಯಾಯಿಡುಂ.”

ತಲೆ, ಕಾಣಿ, ಅದೇ ಪ್ರಾಬ್ಲಂ. ಮೊದಲು ಅದನ್ನು ತೆಗೆದುಬಿಡಿ. ಆಮೇಲೆ ಎಲ್ಲಾ ಸರಿಹೋಗುತ್ತದೆ. (ತಲೆ ತೆಗೆದ ಮೇಲೆ ಯಾವ ನೋವೂ ಉಳಿಯುವುದಿಲ್ಲ ಎನ್ನುವುದು ವೈದ್ಯಶಾಸ್ತ್ರದ ಪ್ರಕಾರ ಸುಳ್ಳೇನೂ ಅಲ್ಲ.) ಚಂದು ಕುರ್ಚಿಯ ಕೈ ಹಿಡಿದುಕೊಂಡ.

“ಫುಲ್ಲಾ ಎಡುಕ್ಕಣುಮಾ ಸಾರ್?”

“ಫುಲ್ಲಾ. ಕೊಂಜ ನಾಳ್ ಕಷ್ಟಮಾ ಇರುಕ್ಕುಂ. ಅಪ್ಪರಂ ಪಳಗಿಡುಂ.”

ಪೂರ್ತಿ ತೆಗೆಯಬೇಕು. ಕೆಲವು ದಿನ ಕಷ್ಟವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಚೀಟಿ ಹರಿದು ಕೊಟ್ಟು ಡಾಕ್ಟರು ಗಂಟೆ ಒತ್ತಿದರು. ಒಟ್ಟು ಮೂರು ನಿಮಿಷ. ನನಗೆ ಈ ಮೂರು ನಿಮಿಷದ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಒಬ್ಬ ಮನುಷ್ಯ ಮೂರು ವಾರ ಹೊತ್ತು ತಂದ ಹೆದರಿಕೆಯನ್ನು ಇಳಿಸಲು ಮೂರು ನಿಮಿಷ ಸಾಲದು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಚಂದುವಿನ ಮೇಲೆ. “ಸಾರ್, ನನಗೆ ಅರ್ಥವಾಗಲಿಲ್ಲ” ಎಂಬ ಒಂದು ವಾಕ್ಯ ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಗಂಡಸರು ತಲೆ ಬೇಕಾದರೂ ಕೊಡುತ್ತಾರೆ, ಆ ವಾಕ್ಯ ಕೊಡುವುದಿಲ್ಲ.

ಹೋಟೆಲಿಗೆ ಹೋಗಿ ದೋಸೆ ಭಟ್ಟ ಮಂಜುನಾಥನಿಗೆ ಮಾತ್ರ ಗುಟ್ಟಾಗಿ ಹೇಳಿದ: “ಡಾಕ್ಟ್ರ್ ಎಡುತ್ತುಡುಂಗ ಅಂದ್ರ್.”

ಮಂಜುನಾಥ ದೋಸೆ ಮಗುಚಿದ. “ಹೆದ್ರಬೇಡಿ. ನಮ್ ಭಾವಂಗೂ ಹಾಂಗೇ ಹೇಳಿದ್ರ್. ತೆಗೆದ್ರ್. ಈಗ ಗಟ್ಟಿಮುಟ್ಟಾಗಿದ್ದ.”

“ಅವಂಗೆ ಎಂತ ತೆಗೆದದ್?”

“ಹಲ್ಲ್.”

ಚಂದು ಯಾರಿಗೂ ಕಾಯದೆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ತಲೆಯ ಸ್ಕ್ಯಾನ್ ಗೊತ್ತು ಮಾಡಿದ. ‘ಕಾಣಿ’ ಎಂದಿದ್ದಾರಲ್ಲ, ಕಾಣದೆ ತೆಗೆಯುವುದು ಹೇಗೆ? ಮನೆಯಲ್ಲಿ ಹೇಳಲಿಲ್ಲ. ಉಳಿದ ದಿನಗಳಲ್ಲಿ ಒಳ್ಳೆಯವನಾಗಿರೋಣ ಎಂದು ತೀರ್ಮಾನಿಸಿದ. ಊಟದ ತಟ್ಟೆ ತಾನೇ ತೊಳೆದ. ಮಗಳನ್ನು ಕರೆದು, “ಜೀವನದಲ್ಲಿ ಯಾರ ಮನಸ್ಸೂ ನೋಯಿಸಬೇಡ ಮಗಾ” ಎಂದ. “ಎನ್ನಪ್ಪಾ ಆಚ್ಚು?” ಎಂದು, ಅಪ್ಪನಿಗೆ ಏನಾಯಿತೋ ಎಂದು, ಅವಳು ಕಣ್ಣರಳಿಸಿದಳು. ಬುಧವಾರ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, “ಸಾರು ಲಾಯ್ಕಿತ್ತ್” ಎಂದ.

ಬೇಬಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಡಾಕ್ಟ್ರ್ ಎಂತ ಹೇಳಿದ್ರ್?”

“ಎಂತ ಇಲ್ಲೆ.”

“ಎಂತ ಇಲ್ದೆ ನೀವ್ ಸಾರ್ ಹೊಗಳ್ತ್ರಿಯಾ? ಮದಿ ಆಯಿ ಇಪ್ಪತ್ತೆರಡ್ ವರ್ಷ ಆಯ್ತ್. ನಂಗೂ ಬುದ್ಧಿ ಇತ್ತ್.”

ಅವನು ತಲೆ ತಗ್ಗಿಸಿ ಉಂಡ. ಅವಳಿಗೆ ಉಣ್ಣಲಾಗಲಿಲ್ಲ.

ಗುರುವಾರ ಬಂತು. ಚಂದು ಒಗೆದ ಅಂಗಿ ತೊಟ್ಟು, ದೇವರ ಪಟದ ಮುಂದೆ ನಿಂತ. ಕಣ್ಣು ಮುಚ್ಚಿದ. ಆಗ ದೂರದಿಂದ, ಮೂಗಿನಲ್ಲಿ ಎಳೆದಂಥ ಒಂದು ದನಿ ಕೇಳಿತು:

“ತಲೆ ಕಾಣೀ... ತಲೆ ಕಾಣೀ...”

ಕಣ್ಣು ತೆರೆದ. ಪಟದಲ್ಲಿ ದೇವರ ಬಾಯಿ ಮುಚ್ಚಿಯೇ ಇತ್ತು. ಹನ್ನೊಂದನೇ ಪುಟ ನೆನಪಾಯಿತು. ಕೊನೆಯ ಲಕ್ಷಣ, ಕಿವಿಯಲ್ಲಿ ಇಲ್ಲದ ದನಿಗಳು ಕೇಳಿಸುವುದು. ಬಂತು, ಅದೂ ಬಂತು. ಅಡುಗೆಮನೆಗೆ ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತ.

“ಬೇಬಿ, ನಿಂಗೆ ಎಂತಾದ್ರೂ ಕೇಣತ್ತಾ?”

“ಎಂತ?”

“ಯಾರೋ ಕರದ್ಹಾಂಗೆ. ತಲೆ ಕಾಣಿ, ತಲೆ ಕಾಣಿ ಅಂತ.”

“ಕೇಣತ್ತ್. ನೀವ್ ಹೋಟ್ಲಿಗೆ ಹೋದ್ ಮೇಲೆ ವಾರ ವಾರ ಬತ್ತ.”

“ಯಾರ್ ಬತ್ತ?” ಚಂದು ಒಂದು ಹೆಜ್ಜೆ ಒಳಗೆ ಬಂದ. “ನಿಂಗೂ ಕೇಣತ್ತಾ? ವಾರ ವಾರವಾ? ಡಾಕ್ಟ್ರೂ ಅದನ್ನೇ ಹೇಳದ್ದ್ ಬೇಬಿ. ತಲೆ ಕಾಣಿ, ಅದೇ ಪ್ರಾಬ್ಲಂ, ಪೂರ್ತಿ ತೆಗಿಕ್ ಅಂದ್ರ್. ಎಷ್ಟ್ ತಲೆ ಕೇಂಡ್ರ್. ನಾನ್ ಮೂರ್ ಅಂದೆ. ಇವತ್ ಹತ್ತ್ ಗಂಟೆಗೆ ಸ್ಕ್ಯಾನ್. ನಾನ್ ವಾಪಸ್ ಬಪ್ಪುದ್ ಡೌಟ್. ನಿಶ್ಮಿತಾನ್ನ ಬೈಬೇಡ.”

ಬೇಬಿ ಒಲೆ ಆರಿಸಿದಳು. ಒಂದು ಕ್ಷಣ ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ಮತ್ತೊಂದು ಕ್ಷಣದಲ್ಲಿ ಏನೋ ಅರ್ಥವಾದಂತೆ ಅವನ ಅಂಗಿಯ ತೋಳು ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋದಳು.

ಕೆಳಗೆ ಸಂದಿಯಲ್ಲಿ ಒಂದು ಲೋಡ್ ಆಟೋ ನಿಂತಿತ್ತು. ಅದರ ನೆತ್ತಿಯ ಮೇಲಿನ ಸ್ಪೀಕರು ಕೂಗುತ್ತಿತ್ತು: “ಮೆತ್ತೆ, ಪೋರ್ವೆ, ತಲಗಾಣೀ...” ಆಟೋದ ತುಂಬ ಹಾಸಿಗೆ, ಹೊದಿಕೆ ಮತ್ತು, ಬಿಳಿ, ನೀಲಿ, ಹೂವಿನ ಚಿತ್ರದ, ಉಬ್ಬಿದ, ದುಂಡನೆಯ ದಿಂಬುಗಳು.

“ತಲಗಾಣಿ,” ಎಂದಳು ಬೇಬಿ. “ತಲೆಯೂ ಅಲ್ಲ, ಕಾಣಿಯೂ ಅಲ್ಲ. ತಲಗಾಣಿ ಅಂದ್ರೆ ದಿಂಬ್ ಮರ್ರೆ. ದಿಂಬ್.”

ನಿಶ್ಮಿತಾ ಅಪ್ಪನ ಜೇಬಿನಿಂದ ಚೀಟಿ ಎಳೆದು ಓದಿದಳು. ಚಂದು ಒಮ್ಮೆಯೂ ಬಿಡಿಸಿ ನೋಡದ ಆ ಚೀಟಿಯಲ್ಲಿ, ಮಾತ್ರೆಯ ಹೆಸರಿನ ಕೆಳಗೆ ಡಾಕ್ಟರು ಏನೋ ಗೀಚಿದ್ದರು. “ನೋ ಪಿಲ್ಲೋ,” ಎಂದು ಓದಿ, ನಗು ತಡೆಯಲಾರದೆ ನೆಲದ ಮೇಲೆ ಕೂತಳು.

ಚಂದು ಆಟೋವನ್ನೇ ನೋಡುತ್ತ ನಿಂತ. ಎಷ್ಟು ದಿಂಬು ಎಂದು ಕೇಳಿದ್ದರು. ಮೂರು ಎಂದಿದ್ದ. ಲೆಕ್ಕ ತಪ್ಪಿರಲಿಲ್ಲ. ಮನೆಯಲ್ಲಿ ಮೂರು ತಲೆ, ಮೂರು ದಿಂಬು, ಮೂರೂ ಒಂದೇ ತಲೆಯ ಕೆಳಗೆ. ಸಾಯುವುದಿಲ್ಲ ಎಂದು ಸಂತೋಷಪಡಬೇಕೋ, ಮೂರು ವಾರ ಸತ್ತದ್ದು ದಿಂಬಿಗಾಗಿ ಎಂದು ನಾಚಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಸೀನಿದ.

ಸ್ಕ್ಯಾನ್ ಬೇಡವೆಂದು ಫೋನು ಮಾಡಿದ. ಆಮೇಲೆ ಕೋಣೆಗೆ ಹೋಗಿ ಮೂರು ದಿಂಬುಗಳನ್ನೂ ಹೊತ್ತು ತಂದ. ಪುನರ್ಜನ್ಮ ಪಡೆದವನಿಗೆ ತಕ್ಕ ಔದಾರ್ಯದಿಂದ ಒಂದನ್ನು ಮಗಳ ಮಡಿಲಿಗೆ ಹಾಕಿದ, ಇನ್ನೊಂದನ್ನು ಹೆಂಡತಿಗೆ ಒಪ್ಪಿಸಿದ.

“ತಕೋ ಬೇಬಿ. ಇದ್ ನಿಂದ್.”

ಬೇಬಿ ಕೈ ಚಾಚಲಿಲ್ಲ.

“ನಂಗ್ ಬೇಡ. ನೀವ್ ಅದ್ ತಕಂಡ್ ಹೋದ್ ಮೇಲೆ ನಾನ್ ಬರಿ ಚಾಪೆಲಿ, ಬೆಡ್‌ಶೀಟ್ ಮಡ್ಚಿ ಮನಿಕಂತಿದ್ದೆ. ನನ್ ಕುತ್ಗಿ ನೋವ್ ಹೋಯ್ತ್. ಹತ್ತ್ ವರ್ಷದ್ದ್.”

ಚಂದು ದಿಂಬನ್ನು ಎದೆಗವಚಿಕೊಂಡು ನಿಂತಿದ್ದ.

“ಯಾವ ಕುತ್ಗಿ ನೋವ್?”

ನಿಶ್ಮಿತಾಳ ನಗು ನಿಂತಿತು. ಕೆಳಗೆ ಆಟೋ ಮುಂದಿನ ಸಂದಿಗೆ ತಿರುಗಿತು.

“ಹೇಳಿದ್ದೆ,” ಎಂದಳು ಬೇಬಿ. “ಸುಮಾರ್ ಸಲ ಹೇಳಿದ್ದೆ. ಆಗ ನೀವ್ ಫೋನ್ ಕಾಣ್ತಿದ್ರಿ.”

ಚಂದುವಿನ ಬಲಗೈ ತಾನಾಗಿ ಅಂಗಿಯ ಜೇಬಿನ ಫೋನಿಗೆ ಹೋಯಿತು. ಹತ್ತು ವರ್ಷದ ಕುತ್ತಿಗೆ ನೋವಿಗೆ ಕಾರಣ ಏನಿರಬಹುದು ಎಂದು ಹುಡುಕಲು. ಹುಡುಕುವುದರಲ್ಲಿ ಅವನು ಈಗ ಪಳಗಿದವನು. ಬೇಬಿ ಆ ಕೈಯನ್ನು ಜೇಬಿನಲ್ಲೇ ಒತ್ತಿ ಹಿಡಿದಳು.

“ಅದನ್ನಲ್ಲ,” ಎಂದಳು. “ಇಲ್ ಕಾಣಿ.”

ಅವನು ಕಂಡ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟನೇ ಸಲ ಎಂದು ಕೇಳಬೇಡಿ, ಅವನಿಗೂ ಗೊತ್ತಿಲ್ಲ.

ನೀವೂ ಇದನ್ನು ಕುತ್ತಿಗೆ ಬಗ್ಗಿಸಿಯೇ ಓದುತ್ತಿದ್ದೀರಿ. ಸಾಕು, ಐದು ಕಿಲೋವನ್ನು ಎತ್ತಿ ನೆಟ್ಟಗೆ ಮಾಡಿ. ನಿಮ್ಮ ಮನೆಯಲ್ಲಿ ನಿಮಗಾಗಿ ದಿಂಬು ಬಿಟ್ಟುಕೊಟ್ಟವರು ಯಾರೋ ಇದ್ದಾರೆ. ಅವರಿಗೆ ಎಲ್ಲಿ ನೋಯುತ್ತದೆ, ಎಷ್ಟು ವರ್ಷದಿಂದ ನೋಯುತ್ತದೆ, ಎದ್ದು ಹೋಗಿ ಕೇಳಿ. ಉತ್ತರ ಬರುವವರೆಗೆ ಅಲ್ಲೇ ನಿಂತಿರಿ.