ನೂರ ಐವತ್ತಮೂರಕ್ಕೆ ತೆರೆಯದ ಸೂಟ್‌ಕೇಸು

ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದಾಗ ಹತ್ತಿದ ಚಟ ಇದು. ಪಂಚಾಂಗಕ್ಕೂ ಸಾಕ್ಷ್ಯ ಕೇಳುತ್ತೇನೆ, ಬಸ್ಸಿನ ವೇಳಾಪಟ್ಟಿಗೂ ಕೇಳುತ್ತೇನೆ. ಈಚೆಗೆ ನನ್ನ ನೆನಪನ್ನೂ ಅದೇ ಸಾಲಿಗೆ ನಿಲ್ಲಿಸಿದ್ದೇನೆ. ಕನ್ನಡಕ ಎಲ್ಲಿಟ್ಟೆ ಎಂದರೆ ನಾನು ಕೊಡುವ ಉತ್ತರವನ್ನು ಮೊದಲು ಅನುಮಾನಿಸುವವನು ನಾನೇ. ನಂಬಿಕೆ ಉಳಿದಿದ್ದು ಸಂಖ್ಯೆಗಳ ಮೇಲೆ ಮಾತ್ರ. ಅವು ಇಂಡಿ ಊರಲ್ಲಿ ಒಂದು, ಪಕ್ಕದ ಸಿಂದಗಿಯಲ್ಲಿ ಇನ್ನೊಂದು ಆಗುವುದಿಲ್ಲ.

ಮೊನ್ನೆ ಬಸವನ ಬಾಗೇವಾಡಿಯ ಬೀಗರ ಮನೆಯಲ್ಲಿ ಮಗಳು ಸವಿತಾಳ ಕುಬಸ. ತವರಿನವರು ತಂದ ಹಸಿರು ಸೀರೆ ಉಡಿಸಿ ಬಸುರಿಗೆ ಉಡಿ ತುಂಬುವ ಕಾರ್ಯ. ಆ ಸೀರೆಗಾಗಿ ಹೆಂಡತಿ ಗಿರಿಜಾ ಊರಿನ ಅಂಗಡಿಗಳನ್ನೆಲ್ಲ ತಿರುಗಿದ್ದಳು. ಅದನ್ನು ಇಟ್ಟಿದ್ದು ಮೂರು ಅಂಕಿಯ ಲಾಕಿನ ಸೂಟ್‌ಕೇಸಿನಲ್ಲಿ. “ಲಗೂನ ಸೀರಿ ತಗದ ಕಳಸ್ರಿ” ಎಂದು ಅವಳು ಮಗಳಿಗೆ ಅರಿಷಿಣ ಹಚ್ಚಲು ಒಳಗೆ ಹೋದಳು.

ಸಂಖ್ಯೆ ನೆನಪಾಗಲಿಲ್ಲ. ಅದರ ಗುಣ ಮಾತ್ರ ನೆನಪಿತ್ತು: ಅಂಕಿಗಳನ್ನು ಘಾತಕ್ಕೇರಿಸಿ ಕೂಡಿದರೆ ಅದೇ ಸಂಖ್ಯೆ ಮರಳಿ ಬರುತ್ತದೆ. ಹಾಗಾದರೆ ನೂರ ಐವತ್ತಮೂರು! ಒಂದರ ಘನ ಒಂದು, ಐದರದು ನೂರ ಇಪ್ಪತ್ತೈದು, ಮೂರರದು ಇಪ್ಪತ್ತೇಳು. ಕೂಡಿದರೆ ನೂರ ಐವತ್ತಮೂರೇ. ಎಂಥ ಸ್ವಾಭಿಮಾನಿ ಸಂಖ್ಯೆ! ತಿರುಗಿಸಿದೆ. ಲಾಕು ಜಗ್ಗಲಿಲ್ಲ. ಮೂರಂಕಿಯಲ್ಲಿ ಈ ಗುಣದವು ಇರುವುದೇ ನಾಲ್ಕು. ಉಳಿದ 370, 371, 407 ಕೂಡ ನನ್ನ ಕೈಬಿಟ್ಟವು.

ಬೀಗರಾದ ಸಂಗಪ್ಪನವರು ಹತ್ತಿರವೇ ಕುರ್ಚಿ ಎಳೆದುಕೊಂಡು ಕೂತರು.

“ಏನ್ ಬೀಗರ, ಪೆಟ್ಟಿಗಿ ನಿಮ್ಮ ಪರೀಕ್ಷಾ ತಗೊಳ್ಳಾಕತ್ತೈತೇನ್ರಿ?”

“ತಡೀರಿ, ನೆನಪಾಗ್ತೈತಿ.”

“ಆಗ್ಲಿ ಬಿಡ್ರಿ, ಕೂಸಿನ್ನ ತೊಟ್ಲದಾಗ ಹಾಕೂದರಾಗ ತೆರದ್ರ ಸಾಕು! ಬೀಗತೇರನ್ನರ ಕೇಳ್ರಲಾ.”

“ಗಿರಿಜಾಗ ಈ ಗಣಿತ ಎಲ್ಲಿ ತಿಳೀತೈತ್ರಿ!” ಎಂದುಬಿಟ್ಟೆ.

ಸ್ಕ್ರೂಡ್ರೈವರ್ ತರಿಸಿ ಲಾಕಿನ ಸಂದಿಗೆ ತುರುಕಿ ಮೀಟಿದೆ. ಲಾಕು ಮುರಿಯಿತು, ಸ್ಕ್ರೂಡ್ರೈವರ್ ಜಾರಿತು, ಹಸಿರು ಸೀರೆ ಪರ್ರೆಂದಿತು.

ಸದ್ದು ಕೇಳಿ ಬಂದ ಗಿರಿಜಾ ಹರಿದ ಜಾಗವನ್ನು ಬೆರಳಿನಿಂದ ಸವರಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನನ್ನ ಒಂದ್ ಮಾತ ಕೇಳಬಾರದಿತ್ತೇನ್ರಿ? ಒಂದು, ಮೂರು, ಐದು. ಮುದ್ದೇಬಿಹಾಳದಾಗ ನಾವು ಮೊದಲ ಸಂಸಾರ ಹೂಡಿದ ಮನಿ ನಂಬರ. ಇದನ್ನ ಇಟ್ರ ಇಬ್ರೂ ಮರೆಯಂಗಿಲ್ಲ ಅಂತ ನಾನೇ ಹೇಳಿದ್ದೆ. ಅವತ್ತ ಭಾಳ ಕುಣದಾಡಿದ್ರಿ.”

ಏಕೆ ಕುಣಿದೆನೆಂದು ಆಗ ಹೊಳೆಯಿತು. ಅಂಕಿ ಎಷ್ಟನೆಯದೋ ಅದಕ್ಕೆ ಅಷ್ಟೇ ಘಾತ: ಒಂದು ಹಾಗೇ ಒಂದು, ಮೂರರ ವರ್ಗ ಒಂಬತ್ತು, ಐದರ ಘನ ನೂರ ಇಪ್ಪತ್ತೈದು. ಕೂಡಿದರೆ ನೂರ ಮೂವತ್ತೈದು! ಗುಣ ಅರ್ಧ ನೆನಪಿತ್ತು, ಮನೆ ಪೂರ್ತಿ ಮರೆತಿತ್ತು.

“ನಿರಿಗ್ಯಾಗ ಮುಚ್ಚಿ ಹೋಗ್ತೈತಿ ಬಿಡಪ್ಪಾ” ಎಂದು ಸವಿತಾ ಅದನ್ನೇ ಉಟ್ಟಳು. ಆರತಿ ಆಯಿತು, ಹಾಡಾಯಿತು. ನಾನು ಮಗಳ ಮುಖ ನೋಡಲಿಲ್ಲ. ನಿರಿಗೆಗಳನ್ನೇ ಕಾಯುತ್ತ ಕೂತೆ.

ಮರಳುವ ಬಸ್ಸಿನಲ್ಲಿ ಸುಮ್ಮನಿರಲಾಗದೆ ಗಿರಿಜಾಳಿಗೆ ನೂರ ಮೂವತ್ತೈದರ ಗುಣವನ್ನು ಮತ್ತೆ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿ, “ಅದಿರಲಿ. ಆ ಮನಿ ಬಾಗಲಾ ಯಾವ ಬಣ್ಣದ್ದಿತ್ತು, ಹೇಳ್ರಿ ನೋಡೂಣು?” ಎಂದಳು.

“ನೀಲಿ” ಎಂದೆ, ತಡವರಿಸದೆ.

ಅವಳು ಕಿಟಕಿಯ ಕಡೆಗೆ ತಿರುಗಿದಳು. ದೇವರ ಹಿಪ್ಪರಗಿ ದಾಟಿದ ಮೇಲೆ ನನಗೆ ಬಾಗಿಲು ಹಸಿರಿತ್ತೇನೋ ಅನ್ನಿಸಿತು. ಸಾಕ್ಷ್ಯವಿರಲಿಲ್ಲ. ಇದ್ದ ಒಬ್ಬಳೇ ಸಾಕ್ಷಿ ಮಾತು ಬಿಟ್ಟಿದ್ದಳು.